ಹಳೆಯ ಕಂಪ್ಯೂಟರ್ ಆನ್ ಆಗುತ್ತಿಲ್ಲವೇ? ಯಾವ ರಿಪೇರಿ ಯಾವಾಗ, ಯಾವುದು ಬೇಡ

ಏಳೆಂಟು ವರ್ಷ ದುಡಿದ ಕಂಪ್ಯೂಟರ್ ಒಂದು ಬೆಳಿಗ್ಗೆ ಮುಷ್ಕರ ಹೂಡಿದರೆ ಹೆಚ್ಚಿನವರಿಗೆ ಹೊಳೆಯುವ ಮದ್ದು ಒಂದೇ: ಫಾರ್ಮ್ಯಾಟ್ ಮಾಡಿ ಹೊಸದಾಗಿ ವಿಂಡೋಸ್ ಹಾಕುವುದು. ಸಡಿಲವಾದ ಒಂದು ಕೇಬಲ್‌ಗೋ ಬರಿದಾದ ಗುಂಡು ಬ್ಯಾಟರಿಗೋ ಇಷ್ಟು ದೊಡ್ಡ ಶಿಕ್ಷೆ ಬೇಕಿಲ್ಲ. ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಹಾರ್ಡ್‌ಡಿಸ್ಕೇ ಸಾಯುತ್ತಿರುವಾಗ ಅದರ ಮೇಲೆ ರಿಪೇರಿ ಟೂಲ್‌ಗಳನ್ನು ಓಡಿಸಿ, ಉಳಿಸಬಹುದಾಗಿದ್ದ ಫೋಟೊಗಳನ್ನೂ ಕಳೆದುಕೊಳ್ಳುವುದು.

ಆಯ್ಕೆಗಳು ಬಹಳ ಇವೆ. ಯಾವುದನ್ನು ಹಿಡಿಯಬೇಕು ಎನ್ನುವುದು ಯಂತ್ರ ಎಲ್ಲಿಯವರೆಗೆ ಬಂದು ನಿಲ್ಲುತ್ತದೆ ಎಂಬುದರ ಮೇಲೆ ನಿಂತಿದೆ. ಗುಂಡಿ ಒತ್ತಿದರೂ ಫ್ಯಾನೇ ತಿರುಗದಿದ್ದರೆ ಅದು ವಿದ್ಯುತ್ತಿನ ವಿಷಯ. ಫ್ಯಾನ್ ತಿರುಗಿ ಪರದೆ ಕಪ್ಪಾಗಿಯೇ ಉಳಿದರೆ ರ‍್ಯಾಮ್, ಮದರ್‌ಬೋರ್ಡ್, ಗ್ರಾಫಿಕ್ಸ್ ಕಡೆ ನೋಡಬೇಕು. ತಯಾರಕರ ಲೋಗೋ ಕಂಡು, ಕಪ್ಪು ಪರದೆಯ ಮೇಲೆ ಒಂದೆರಡು ಸಾಲು ಬರೆದು ನಿಂತರೆ ಬಯೋಸ್ (ವಿಂಡೋಸ್‌ಗೂ ಮೊದಲು ಎದ್ದು ಯಂತ್ರವನ್ನು ಶುರುಮಾಡುವ, ಬೋರ್ಡಿನೊಳಗಿನ ಪ್ರೋಗ್ರಾಂ) ಸೆಟ್ಟಿಂಗ್ ಅಥವಾ ಡಿಸ್ಕ್. ವಿಂಡೋಸ್ ಚಿಹ್ನೆಯ ಕೆಳಗೆ ಚುಕ್ಕೆಗಳು ಸುತ್ತುತ್ತಲೇ ಇದ್ದರೆ, ಇಲ್ಲವೇ ನೀಲಿ ಪರದೆ ಬಂದರೆ ಆಗ ಮಾತ್ರ ವಿಂಡೋಸ್ ರಿಪೇರಿಯ ಮಾತು. ಈ ನಾಲ್ಕರಲ್ಲಿ ನಿಮ್ಮದು ಯಾವುದು ಎಂದು ಗೊತ್ತಾಗುವ ತನಕ ವಿಂಡೋಸ್ ಹಾಕುವ ಪೆನ್‌ಡ್ರೈವ್ ಕೈಗೆತ್ತಿಕೊಳ್ಳಬೇಡಿ.

ಫ್ಯಾನೇ ತಿರುಗದಿದ್ದರೆ: ಸ್ವಿಚ್ಚೋ, ಎಸ್‌ಎಂಪಿಎಸ್ಸೋ, ಬೋರ್ಡೋ

ಪ್ಲಗ್ ಪಾಯಿಂಟ್, ಪವರ್ ಕೇಬಲ್, ಎಸ್‌ಎಂಪಿಎಸ್ (ಮನೆಯ ಕರೆಂಟನ್ನು ಯಂತ್ರಕ್ಕೆ ಬೇಕಾದ ವೋಲ್ಟಿಗೆ ಇಳಿಸಿ ಕೊಡುವ ಪೆಟ್ಟಿಗೆ) ಹಿಂಭಾಗದ ಪುಟ್ಟ ಸ್ವಿಚ್ ಇವನ್ನು ಮೊದಲು ನೋಡಿ. ಮುಂದಿನದು ಕ್ಯಾಬಿನೆಟ್‌ನ ಗುಂಡಿ. ಅದು ಸವೆದಿರುವುದು ಹಳೆಯ ಯಂತ್ರಗಳಲ್ಲಿ ಮಾಮೂಲು. ಮದರ್‌ಬೋರ್ಡಿನ ಕೆಳಮೂಲೆಯಲ್ಲಿ ಮುಂಭಾಗದ ವೈರುಗಳು ಬಂದು ಸೇರುವ ಪಿನ್ನುಗಳಿರುತ್ತವೆ. ಅವುಗಳಲ್ಲಿ ಪವರ್ ಸ್ವಿಚ್ಚಿನ ಎರಡು ಪಿನ್‌ಗಳಿಂದ ವೈರ್ ಕಿತ್ತು, ಸ್ಕ್ರೂಡ್ರೈವರ್ ತುದಿಯಿಂದ ಎರಡನ್ನೂ ಒಂದು ಕ್ಷಣ ಮುಟ್ಟಿಸಿ. ಯಂತ್ರ ಎದ್ದರೆ ಕೆಟ್ಟಿದ್ದು ಗುಂಡಿ ಮಾತ್ರ. ರೀಸೆಟ್ ಗುಂಡಿಯ ವೈರನ್ನು ಆ ಪಿನ್‌ಗೆ ಹಾಕಿಕೊಂಡರೆ ಕೆಲಸ ಮುಗಿಯಿತು.

ಏಳದಿದ್ದರೆ ಎಸ್‌ಎಂಪಿಎಸ್ ಪರೀಕ್ಷೆಗೆ ಎರಡು ದಾರಿ ಇವೆ. ಒಂದು, ಪೇಪರ್ ಕ್ಲಿಪ್ ವಿಧಾನ: ಪ್ಲಗ್ ತೆಗೆದು, ಎಸ್‌ಎಂಪಿಎಸ್ಸಿನ ಎಲ್ಲ ಕನೆಕ್ಟರ್‌ಗಳನ್ನೂ ಬಿಚ್ಚಿ, 24 ಪಿನ್ ಕನೆಕ್ಟರ್‌ನಲ್ಲಿ ಹಸಿರು ವೈರಿನ ತೂತನ್ನು ಯಾವುದಾದರೂ ಕಪ್ಪು ವೈರಿನ ತೂತಿಗೆ ಕ್ಲಿಪ್‌ನಿಂದ ಜೋಡಿಸಿ, ಆಮೇಲೆ ಪ್ಲಗ್ ಹಾಕುವುದು. ಎಸ್‌ಎಂಪಿಎಸ್‌ನ ಫ್ಯಾನ್ ತಿರುಗಿದರೆ ಜೀವ ಇದೆ ಎಂದಷ್ಟೇ ಅರ್ಥ, ಆರೋಗ್ಯ ಇದೆ ಎಂದಲ್ಲ. ಫ್ಯಾನ್ ತಿರುಗುವಷ್ಟು ಶಕ್ತಿಯಿದ್ದೂ ಬೋರ್ಡಿನ ಹೊರೆ ಬಿದ್ದ ಕೂಡಲೇ ಕುಸಿಯುವ ಎಸ್‌ಎಂಪಿಎಸ್‌ಗಳು ಬೇಕಾದಷ್ಟು. ಎರಡನೆಯದು ಮಲ್ಟಿಮೀಟರ್. ಎಲ್ಲವೂ ಜೋಡಿಸಿರುವಾಗಲೇ ಕನೆಕ್ಟರ್‌ನ ಹಿಂಬದಿಯಿಂದ ಕಡ್ಡಿ ಇಳಿಸಿ ಅಳೆಯುವುದು. ಹಳದಿಯಲ್ಲಿ 11.4ರಿಂದ 12.6 ವೋಲ್ಟ್, ಕೆಂಪಿನಲ್ಲಿ 4.75ರಿಂದ 5.25, ಕಿತ್ತಳೆಯಲ್ಲಿ 3.14ರಿಂದ 3.47 ಇರಬೇಕು. ನೇರಳೆ ವೈರ್‌ನಲ್ಲಿ ಯಂತ್ರ ಆಫ್ ಇದ್ದಾಗಲೂ 5 ವೋಲ್ಟ್ ಬರಬೇಕು. ಅದೇ ಇಲ್ಲವೆಂದರೆ ಗುಂಡಿ ಎಷ್ಟು ಒತ್ತಿದರೂ ಅಷ್ಟೇ, ಏಕೆಂದರೆ ಗುಂಡಿಯ ಸಂದೇಶವನ್ನು ಕೇಳಿಸಿಕೊಳ್ಳುವ ಭಾಗ ಆ 5 ವೋಲ್ಟಿನಿಂದಲೇ ಎಚ್ಚರವಾಗಿರುವುದು. ಕ್ಲಿಪ್ ಹತ್ತು ಪೈಸೆ ಉತ್ತರ ಕೊಟ್ಟರೆ ಮೀಟರ್ ರೂಪಾಯಿ ಉತ್ತರ ಕೊಡುತ್ತದೆ.

ಎಸ್‌ಎಂಪಿಎಸ್ ರಿಪೇರಿ ಮಾಡಿಸುವುದೋ ಬದಲಿಸುವುದೋ ಎಂದರೆ ಬದಲಿಸಿ. ಪ್ಲಗ್ ತೆಗೆದ ಮೇಲೂ ಒಳಗಿನ ದೊಡ್ಡ ಕೆಪಾಸಿಟರ್ 300 ವೋಲ್ಟಿನ ಆಸುಪಾಸು ಹಿಡಿದಿಟ್ಟುಕೊಂಡಿರಬಹುದು, ಮನೆಯಲ್ಲಿ ಬಿಚ್ಚುವ ವಸ್ತುವಲ್ಲ ಅದು. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಮನೆಯ ಯಂತ್ರಕ್ಕೆ ಒಳ್ಳೆಯ 300 ವ್ಯಾಟಿನದು ಧಾರಾಳ ಸಾಕು. ಕೊಳ್ಳುವ ಮುನ್ನ ಹಳೆಯದರ ಕನೆಕ್ಟರ್‌ಗಳನ್ನು ಎಣಿಸಿ. ಬ್ರ್ಯಾಂಡೆಡ್ ಡೆಸ್ಕ್‌ಟಾಪ್‌ಗಳಲ್ಲಿ ಕೆಲವು 24 ಪಿನ್ ಬಿಟ್ಟು ತಮ್ಮದೇ ಆಕಾರದ ಕನೆಕ್ಟರ್ ಇಟ್ಟುಕೊಂಡಿವೆ, ಅದಕ್ಕೆ ಸಾಮಾನ್ಯ ಎಸ್‌ಎಂಪಿಎಸ್ ಕೂರುವುದಿಲ್ಲ.

ಫ್ಯಾನ್ ಇದೆ, ಪರದೆ ಇಲ್ಲ

ಮಾನಿಟರ್ ಕೇಬಲ್ ಯಾವ ಪೋರ್ಟ್‌ಗೆ ಹೋಗಿದೆ ನೋಡಿ. ಗ್ರಾಫಿಕ್ಸ್ ಕಾರ್ಡ್ ಇದ್ದೂ ಬೋರ್ಡಿನ ಪೋರ್ಟ್‌ಗೆ ಸಿಕ್ಕಿಸಿ ತಲೆ ಕೆಡಿಸಿಕೊಂಡವರಿಗೆ ಲೆಕ್ಕವಿಲ್ಲ. ಪ್ರೊಸೆಸರ್ ಪಕ್ಕದ 4 ಪಿನ್ ಅಥವಾ 8 ಪಿನ್ ಪವರ್ ಕನೆಕ್ಟರ್ ಸಡಿಲವಾಗಿದ್ದರೂ ಫ್ಯಾನ್‌ಗಳೆಲ್ಲ ಚೆನ್ನಾಗಿ ತಿರುಗುತ್ತವೆ, ಪರದೆ ಮಾತ್ರ ಜಪ್ಪಯ್ಯ ಅಂದರೂ ಬರುವುದಿಲ್ಲ.

ಅದು ಸರಿ ಇದ್ದರೆ ರ‍್ಯಾಮ್. ಪ್ಲಗ್ ತೆಗೆದು, ಪವರ್ ಗುಂಡಿಯನ್ನು 15 ಸೆಕೆಂಡ್ ಒತ್ತಿ ಹಿಡಿದು ಉಳಿದ ವಿದ್ಯುತ್ ಖಾಲಿ ಮಾಡಿ. ರ‍್ಯಾಮ್ ಕಡ್ಡಿಗಳನ್ನು ತೆಗೆದು ಚಿನ್ನದ ಬಣ್ಣದ ಅಂಚನ್ನು ಮೆದು ಪೆನ್ಸಿಲ್ ರಬ್ಬರಿನಿಂದ ಉಜ್ಜಿ, ಪುಡಿಯನ್ನು ಬ್ರಷ್‌ನಿಂದ ಝಾಡಿಸಿ. ಐಸೊಪ್ರೊಪೈಲ್ ಆಲ್ಕೊಹಾಲ್ ಇದ್ದರೆ ರಬ್ಬರಿಗಿಂತ ಅದೇ ಮೇಲು. ಈಗ ಒಂದೇ ಕಡ್ಡಿ ಹಾಕಿ, ಎರಡೂ ಬದಿಯ ಕೊಂಡಿ ಟಕ್ ಎನ್ನುವ ತನಕ ಒತ್ತಿ, ಆನ್ ಮಾಡಿ. ಏಳದಿದ್ದರೆ ಅದೇ ಕಡ್ಡಿಯನ್ನು ಬೇರೆ ಸ್ಲಾಟ್‌ನಲ್ಲಿ, ಆಮೇಲೆ ಇನ್ನೊಂದು ಕಡ್ಡಿಯನ್ನು ಪರೀಕ್ಷಿಸಿ. ಒಂದು ಕಡ್ಡಿ ಎಲ್ಲ ಸ್ಲಾಟ್‌ನಲ್ಲೂ ಸೋತರೆ ಕಡ್ಡಿ ಕೆಟ್ಟಿದೆ, ಒಂದು ಸ್ಲಾಟ್ ಎಲ್ಲ ಕಡ್ಡಿಗಳನ್ನೂ ಸೋಲಿಸಿದರೆ ಸ್ಲಾಟ್ ಕೆಟ್ಟಿದೆ. ಬೋರ್ಡಿಗೆ ಸ್ಪೀಕರ್ ಇದ್ದರೆ ಅದರ ಬೀಪ್ ಕೇಳಿ. ಅವಾರ್ಡ್ ಬಯೋಸ್‌ನಲ್ಲಿ ಒಂದು ಉದ್ದ, ಎರಡು ಗಿಡ್ಡ ಬೀಪ್ ಎಂದರೆ ಗ್ರಾಫಿಕ್ಸ್ ತೊಂದರೆ. ಬೇರೆ ಬಯೋಸ್‌ಗಳ ಸಂಕೇತ ಬೇರೆ, ಹಾಗಾಗಿ ಬೋರ್ಡಿನ ಕೈಪಿಡಿ ನೋಡದೆ ತೀರ್ಮಾನಿಸಬೇಡಿ.

ಇಷ್ಟಾದರೂ ಪರದೆ ಬರದಿದ್ದರೆ ಟಾರ್ಚ್ ಹಿಡಿದು ಪ್ರೊಸೆಸರ್ ಸುತ್ತಲಿನ ಕೆಪಾಸಿಟರ್‌ಗಳ ತಲೆ ನೋಡಿ. ಸಪಾಟಾಗಿರಬೇಕಾದ ತಲೆ ಉಬ್ಬಿದ್ದರೆ, ಕಂದು ದ್ರವ ಒಸರಿದ್ದರೆ ಬೋರ್ಡಿನ ಆಯುಷ್ಯ ಮುಗಿದಿದೆ. 2000ದ ದಶಕದ ಮೊದಲರ್ಧದ ಬೋರ್ಡುಗಳಲ್ಲಿ ಕಳಪೆ ಎಲೆಕ್ಟ್ರೊಲೈಟ್‌ನಿಂದಾಗಿ ಇದು ಪಿಡುಗಿನಂತೆ ಹಬ್ಬಿತ್ತು. ಬೋರ್ಡ್ ಬದಲಿಸುವುದೆಂದರೆ ಪ್ರೊಸೆಸರ್, ರ‍್ಯಾಮ್ ಕೂಡ ಬದಲಿಸಿದಂತೆ. ಅಲ್ಲಿಗೆ ಹಳೆಯ ಕಂಪ್ಯೂಟರಿನಲ್ಲಿ ಉಳಿಯುವುದು ಡಬ್ಬ ಮಾತ್ರ. ನನ್ನ ಸಲಹೆ: ಡಿಸ್ಕ್ ತೆಗೆದಿಟ್ಟುಕೊಂಡು ಅಲ್ಲಿಗೇ ಬಿಡಿ.

ಬಯೋಸ್: ಡೀಫಾಲ್ಟ್, ಬ್ಯಾಟರಿ, ಜಂಪರ್

ಹಳೆಯ ಕಂಪ್ಯೂಟರ್‌ಗಳ ವಿಚಿತ್ರ ಕಾಯಿಲೆಗಳಲ್ಲಿ ಬಹುಪಾಲಿಗೆ ಮೂಲ ಒಂದೇ, ಸಿಆರ್2032 ಎಂಬ 3 ವೋಲ್ಟ್ ಬ್ಯಾಟರಿ. 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ. ಹೆಸರಿನಲ್ಲೇ ಅಳತೆ ಇದೆ. ಪ್ಲಗ್ ತೆಗೆದಾಗ ಗಡಿಯಾರವನ್ನೂ ಬಯೋಸ್ ಸೆಟ್ಟಿಂಗ್‌ಗಳನ್ನೂ ಕಾಯುವುದು ಇದೇ.

ಇದು ಸೊರಗಿದರೆ ಕಾಯಿಲೆ ಬೇರೆ ವೇಷದಲ್ಲಿ ಬರುತ್ತದೆ. ಕಂಪ್ಯೂಟರ್ ಸರಿಯಾಗಿಯೇ ಶುರುವಾಗುತ್ತದೆ, ವೈಫೈ ಇದೆ, ಆದರೆ ಬ್ರೌಸರ್ ಯಾವ ತಾಣವನ್ನೂ ತೆರೆಯದೆ ‘ನಿಮ್ಮ ಸಂಪರ್ಕ ಸುರಕ್ಷಿತವಲ್ಲ’ ಎನ್ನುತ್ತದೆ. ಬ್ರೌಸರ್ ತೆಗೆದು ಹಾಕುತ್ತಾರೆ, ಆಂಟಿವೈರಸ್ ಬದಲಿಸುತ್ತಾರೆ, ರೂಟರ್ ಮೇಲೆ ರೇಗುತ್ತಾರೆ. ಪರದೆಯ ಬಲ ಮೂಲೆಯಲ್ಲಿ ತಾರೀಖು 2009ರ ಜನವರಿ 1 ಎಂದು ತೋರಿಸುತ್ತಿರುವುದನ್ನು ಯಾರೂ ನೋಡಿರುವುದಿಲ್ಲ. ತಾಣಗಳ ಪ್ರಮಾಣಪತ್ರಕ್ಕೆ ಆರಂಭದ ದಿನ, ಮುಗಿಯುವ ದಿನ ಎರಡೂ ಇರುತ್ತವೆ. ಕಂಪ್ಯೂಟರಿನ ಪ್ರಕಾರ ಆ ಪತ್ರಗಳು ಇನ್ನೂ ಹುಟ್ಟೇ ಇಲ್ಲ.

‘ಸಿಮಾಸ್ ಚೆಕ್‌ಸಮ್ ಎರರ್’ ಎಂಬ ಸಾಲು ಕಂಡರೂ ಇದೇ ಕಾರಣವಿರುವ ಸಾಧ್ಯತೆ ಹೆಚ್ಚು. ಬ್ಯಾಟರಿ ತೆಗೆದು ಮೀಟರ್‌ನಲ್ಲಿ ಅಳೆಯಿರಿ. 2.8 ವೋಲ್ಟಿಗಿಂತ ಕೆಳಗಿದ್ದರೆ ಬದಲಿಸಿ. ಪ್ಲಸ್ ಗುರುತಿನ ಬದಿ ಮೇಲೆ ಬರಬೇಕು. ಲ್ಯಾಪ್‌ಟಾಪ್‌ಗಳಲ್ಲಿ ಇದೇ ಬ್ಯಾಟರಿ ಪ್ಲಾಸ್ಟಿಕ್ ಹೊದಿಕೆಯೊಳಗೆ ಎರಡು ವೈರ್‌ಗಳೊಂದಿಗೆ ಇರುತ್ತದೆ, ಕನೆಕ್ಟರ್ ಸಮೇತ ಅದೇ ಬಗೆಯದನ್ನು ತರಬೇಕು.

ಬ್ಯಾಟರಿ ಸರಿಯಿದ್ದೂ ಸೆಟ್ಟಿಂಗ್ ಕೆಟ್ಟಿದೆ ಎನಿಸಿದರೆ ಮೂರು ಆಯ್ಕೆ. ಬಯೋಸ್ ಪರದೆಗೆ ಹೋಗಲು ಆಗುತ್ತದೆ ಎಂದಾದರೆ ಒಳಗಿನ ‘ಲೋಡ್ ಡೀಫಾಲ್ಟ್ಸ್’ ಸಾಕು. ಇದು ಅತ್ಯಂತ ಸೌಮ್ಯ, ಉಳಿಸದೆ ಹೊರಬಂದರೆ ಏನೂ ಆಗಿರುವುದಿಲ್ಲ. ಬಯೋಸ್‌ಗೇ ಹೋಗಲಾಗದಿದ್ದರೆ ಬ್ಯಾಟರಿ ತೆಗೆಯುವುದು: ಪ್ಲಗ್ ಕಿತ್ತು, ಬ್ಯಾಟರಿ ತೆಗೆದು, ಪವರ್ ಗುಂಡಿ 15 ಸೆಕೆಂಡ್ ಒತ್ತಿ, ಐದು ನಿಮಿಷ ಬಿಟ್ಟು ವಾಪಸ್ ಹಾಕಿ. ಅದಕ್ಕೂ ಬಗ್ಗದಿದ್ದರೆ ಜಂಪರ್, ಅಂದರೆ ಎರಡು ಪಿನ್‌ಗಳನ್ನು ಜೋಡಿಸುವ ಪುಟ್ಟ ಟೋಪಿ. ಪ್ಲಗ್ ತೆಗೆದ ಮೇಲೆ, ಬ್ಯಾಟರಿ ಸಮೀಪದ ಮೂರು ಪಿನ್‌ಗಳಲ್ಲಿ ಟೋಪಿಯನ್ನು 1-2ರಿಂದ 2-3ಕ್ಕೆ ಸರಿಸಿ, ಹತ್ತು ಸೆಕೆಂಡ್ ಬಿಟ್ಟು ಮರಳಿ 1-2ಕ್ಕೆ ತನ್ನಿ. ಎರಡೇ ಪಿನ್ ಇರುವ ಬೋರ್ಡುಗಳಲ್ಲಿ ಅವನ್ನು ಒಂದಕ್ಕೊಂದು ಮುಟ್ಟಿಸಿದರಾಯಿತು. ಟೋಪಿ 2-3ರಲ್ಲೇ ಇರುವಾಗ ಪ್ಲಗ್ ಹಾಕುವ ಎಡವಟ್ಟು ಮಾತ್ರ ಮಾಡಬೇಡಿ.

ಮೂರರಲ್ಲಿ ಯಾವುದನ್ನು ಮಾಡುವುದಿದ್ದರೂ, ಬಯೋಸ್ ತೆರೆಯುವಂತಿದ್ದರೆ ಮೊದಲು ಅದರ ಪ್ರತಿ ಪುಟದ ಫೋಟೊ ಮೊಬೈಲ್‌ನಲ್ಲಿ ತೆಗೆದುಕೊಳ್ಳಿ. ಡಿಸ್ಕ್‌ಗೆ ಬಿಟ್‌ಲಾಕರ್ (ವಿಂಡೋಸಿನ ಡಿಸ್ಕ್ ಬೀಗ) ಇದ್ದರೆ 48 ಅಂಕಿಗಳ ರಿಕವರಿ ಕೀ ಕೈಯಲ್ಲಿರಲಿ, ಬಯೋಸ್ ಬದಲಾದದ್ದನ್ನು ಕಂಡು ಅದು ಕೀ ಕೇಳಬಹುದು.

ಫೋಟೊ ಏಕೆ ಎಂದರೆ, ಡೀಫಾಲ್ಟ್‌ಗೆ ತಂದ ಮೇಲೆ ಹೊಸದೊಂದು ತೊಂದರೆ ಹುಟ್ಟಿಕೊಳ್ಳುವುದುಂಟು. ಹಿಂದೆ ಬರದ ನೀಲಿ ಪರದೆ, ಅದರಲ್ಲಿ ‘ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್’ ಎಂಬ ಮಾತು, ವಿಂಡೋಸ್ 7 ಆದರೆ 7ಬಿ ಎಂದು ಕೊನೆಯಾಗುವ ಸಂಖ್ಯೆ. ಡಿಸ್ಕ್ ಕೆಟ್ಟಿತು ಎಂದು ಎದೆ ಒಡೆದುಕೊಳ್ಳಬೇಡಿ. ವಿಂಡೋಸ್ ಹಾಕುವಾಗ ಸಾಟಾ ಮೋಡ್ (ಬೋರ್ಡು ಡಿಸ್ಕಿನೊಡನೆ ಮಾತಾಡುವ ರೀತಿ) ಹಳೆಯ ಬಗೆಯ ಐಡಿಇ ಇತ್ತು, ಈಗ ಡೀಫಾಲ್ಟ್ ಅದನ್ನು ಹೊಸ ಬಗೆಯ ಎಎಚ್‌ಸಿಐ ಮಾಡಿದೆ, ಇಲ್ಲವೇ ಇದರ ತಿರುಗು. ಆ ಮೋಡಿನ ಡ್ರೈವರ್ (ಯಂತ್ರಭಾಗವನ್ನು ನಡೆಸುವ ಪ್ರೋಗ್ರಾಂ) ಅನ್ನು ವಿಂಡೋಸ್ ಶುರುವಿನಲ್ಲೇ ಎಬ್ಬಿಸದ ಕಾರಣ ತನ್ನದೇ ಡಿಸ್ಕ್ ಅದಕ್ಕೆ ಕಾಣುವುದಿಲ್ಲ. ಬಯೋಸ್‌ಗೆ ಹೋಗಿ ಮೋಡನ್ನು ಹಿಂದಿನಂತೆ ಇಟ್ಟರೆ ಅರ್ಧ ನಿಮಿಷದಲ್ಲಿ ಸರಿ.

ಎಸ್‌ಎಸ್‌ಡಿ (ತಿರುಗುವ ತಟ್ಟೆಗಳ ಬದಲು ಚಿಪ್‌ಗಳಲ್ಲಿ ದತ್ತಾಂಶ ಇಡುವ ವೇಗದ ಡಿಸ್ಕ್) ಹಾಕುವ ಯೋಚನೆ ಇದ್ದರೆ ಎಎಚ್‌ಸಿಐ ಕಡೆಗೆ ಹೋಗುವುದೇ ಒಳ್ಳೆಯದು. ವಿಂಡೋಸ್ 8 ಮತ್ತು 10ರಲ್ಲಿ ಅದಕ್ಕೆ ಕ್ರಮ ಹೀಗಿದೆ: ಹಳೆಯ ಮೋಡಿನಲ್ಲೇ ವಿಂಡೋಸ್ ತೆರೆದು ‘ಸಿಸ್ಟಮ್ ಕಾನ್ಫಿಗರೇಶನ್’ನ ಬೂಟ್ ಪುಟದಲ್ಲಿ ‘ಸೇಫ್ ಬೂಟ್’ಗೆ ಗುರುತು ಹಾಕಿ, ರೀಸ್ಟಾರ್ಟ್ ಮಾಡಿ ನೇರ ಬಯೋಸ್‌ಗೆ ಹೋಗಿ ಎಎಚ್‌ಸಿಐ ಆರಿಸಿ, ವಿಂಡೋಸ್ ಸೇಫ್ ಮೋಡ್‌ನಲ್ಲಿ (ಅತ್ಯಗತ್ಯ ಭಾಗಗಳಷ್ಟೇ ಏಳುವ ಸ್ಥಿತಿ) ಎದ್ದು ಹೊಸ ಡ್ರೈವರನ್ನು ತಾನೇ ಹಚ್ಚಿಕೊಳ್ಳುತ್ತದೆ, ಆಮೇಲೆ ಆ ಗುರುತು ತೆಗೆದು ಮತ್ತೆ ರೀಸ್ಟಾರ್ಟ್. ಸೇಫ್ ಮೋಡ್‌ನಲ್ಲಿ ಲಾಗಿನ್ ಆಗುವ ಪಿನ್ ಸಂಖ್ಯೆ ನಡೆಯದಿರಬಹುದು, ಖಾತೆಯ ಪಾಸ್‌ವರ್ಡ್ ನೆನಪಿರಲಿ. ವಿಂಡೋಸ್ 7ರಲ್ಲಿ ಇದಕ್ಕೆ ರಿಜಿಸ್ಟ್ರಿ (ವಿಂಡೋಸಿನ ಒಳಸೆಟ್ಟಿಂಗ್‌ಗಳ ಕಣಜ) ತಿದ್ದಬೇಕಾಗುತ್ತದೆ. ಅಲ್ಲಿ ಐಡಿಇಗೆ ವಾಪಸ್ ಹೋಗುವುದೇ ಸುಖ.

ಬಯೋಸ್ ವಿಭಾಗದ ಸಣ್ಣಪುಟ್ಟವು ಇನ್ನೆರಡು. ‘ಬೂಟ್ ಡಿವೈಸ್ ಇಲ್ಲ’ ಎಂದು ಬಂದರೆ ಸಿಕ್ಕಿಸಿಟ್ಟು ಮರೆತ ಪೆನ್‌ಡ್ರೈವ್, ಮೆಮೊರಿ ಕಾರ್ಡ್ ಕಿತ್ತು ನೋಡಿ. ಕೀಬೋರ್ಡ್ ಇಲ್ಲವೆಂದು ಎಫ್1 ಒತ್ತಲು ಹೇಳಿ ನಿಂತರೆ ಬೇರೆ ಯುಎಸ್‌ಬಿ ಪೋರ್ಟ್‌ಗೆ ಹಾಕಿ, ಅಥವಾ ‘ಹಾಲ್ಟ್ ಆನ್’ ಎಂಬಲ್ಲಿ ಕೀಬೋರ್ಡನ್ನು ಬಿಟ್ಟು ಉಳಿದವಕ್ಕೆ ಮಾತ್ರ ನಿಲ್ಲುವಂತೆ ಮಾಡಿ. ಬಯೋಸ್ ಅಪ್‌ಡೇಟ್ ಮಾಡಿದರೆ ಸರಿಹೋದೀತೆಂಬ ಆಸೆ ಬೇಡ. ಇಷ್ಟು ವರ್ಷ ಓಡಿದ ಬಯೋಸ್ ಇದ್ದಕ್ಕಿದ್ದಂತೆ ಹಳತಾಗಿ ಕೈಕೊಡುವುದಿಲ್ಲ, ನಡುವೆ ಕರೆಂಟ್ ಹೋದರೆ ಮಾತ್ರ ಬೋರ್ಡೇ ಕೈಬಿಟ್ಟು ಹೋಗಬಹುದು.

ಡಿಸ್ಕ್: ರಿಪೇರಿ ಮೊದಲೋ, ನಕಲು ಮೊದಲೋ

ಈ ಪ್ರಶ್ನೆಗೆ ಉತ್ತರ ಡಿಸ್ಕೇ ಹೇಳುತ್ತದೆ. ಡಿಸ್ಕ್‌ಗೆ ಹಾಕದೆಯೇ ಓಡುವ ಲಿನಕ್ಸ್ (ವಿಂಡೋಸ್‌ನಂಥದೇ ಇನ್ನೊಂದು ವ್ಯವಸ್ಥೆ) ಇರುವ ಲೈವ್ ಪೆನ್‌ಡ್ರೈವ್‌ನಿಂದ ಯಂತ್ರ ಎಬ್ಬಿಸಿ, ಅಥವಾ ಡಿಸ್ಕ್ ಬಿಚ್ಚಿ ಸಾಟಾ-ಯುಎಸ್‌ಬಿ ಅಡಾಪ್ಟರ್‌ನಿಂದ ಬೇರೆ ಕಂಪ್ಯೂಟರ್‌ಗೆ ಜೋಡಿಸಿ, ಸ್ಮಾರ್ಟ್ ವರದಿ (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಟ್ಟುಕೊಳ್ಳುವ ಲೆಕ್ಕ) ತೆಗೆಯಿರಿ. ಲ್ಯಾಪ್‌ಟಾಪಿನ 2.5 ಇಂಚಿನ ಡಿಸ್ಕ್ ಯುಎಸ್‌ಬಿ ವಿದ್ಯುತ್ತಿನಲ್ಲೇ ಓಡುತ್ತದೆ. ಡೆಸ್ಕ್‌ಟಾಪಿನ 3.5 ಇಂಚಿನದಕ್ಕೆ 12 ವೋಲ್ಟ್ ಬೇಕು, ಪ್ರತ್ಯೇಕ ಪವರ್ ಇರುವ ಅಡಾಪ್ಟರ್ ತನ್ನಿ.

ವರದಿಯ ಉದ್ದ ಪಟ್ಟಿಯಲ್ಲಿ ನಾಲ್ಕು ಸಾಲು ನೋಡಿದರೆ ಸಾಕು. ಸಾಲಿನ ಸಂಖ್ಯೆ 5 ಎಂದರೆ ಕೆಟ್ಟು ಬದಲಿ ಜಾಗಕ್ಕೆ ಹೋದ ಸೆಕ್ಟರ್‌ಗಳು (ಡಿಸ್ಕಿನ ಸಣ್ಣ ತುಂಡುಗಳು). 197 ಎಂದರೆ ಓದಲಾಗದೆ ಅನುಮಾನದಲ್ಲಿರುವವು. 198 ಎಂದರೆ ಓದಲು ಆಗೇ ಆಗದವು. 199 ಎಂದರೆ ಡಿಸ್ಕ್‌ನಿಂದ ಬೋರ್ಡಿಗೆ ಹೋಗುವ ಹಾದಿಯಲ್ಲಿ ಕೆಟ್ಟ ದತ್ತಾಂಶ. ಕೆಲವು ಪ್ರೋಗ್ರಾಂಗಳು ಈ ಸಂಖ್ಯೆಗಳನ್ನು ಹದಿನಾರರ ಪದ್ಧತಿಯಲ್ಲಿ ಬರೆಯುತ್ತವೆ, ಆಗ 197 ಎಂಬುದು ಸಿ5 ಎಂದೂ 199 ಎಂಬುದು ಸಿ7 ಎಂದೂ ಕಾಣುತ್ತದೆ.

199 ಮಾತ್ರ ಏರುತ್ತಿದ್ದು ಉಳಿದವು ಸೊನ್ನೆ ಇದ್ದರೆ ನಿಮ್ಮ ಅದೃಷ್ಟ ಚೆನ್ನಾಗಿದೆ: ಸಾಟಾ ಕೇಬಲ್ ಬದಲಿಸಿ, ಡಿಸ್ಕ್‌ಗೆ ಏನೂ ಆಗಿಲ್ಲ. 5ರಲ್ಲಿ ಹಲವು ತಿಂಗಳಿಂದ ಬದಲಾಗದ ಸಣ್ಣ ಸಂಖ್ಯೆ ಇದ್ದರೆ ಗಾಬರಿ ಬೇಡ, ಬ್ಯಾಕಪ್ ಇಟ್ಟುಕೊಂಡು ಗಮನಿಸುತ್ತಿರಿ. 197 ಅಥವಾ 198 ಸೊನ್ನೆಗಿಂತ ಹೆಚ್ಚಿದ್ದು ದಿನದಿಂದ ದಿನಕ್ಕೆ ಏರುತ್ತಿದ್ದರೆ ರಿಪೇರಿಯ ಮಾತೇ ಬೇಡ, ಮೊದಲು ನಕಲು.

ಇಲ್ಲೇ ಹೆಚ್ಚಿನವರು ಎಡವುವುದು. ವಿಂಡೋಸ್‌ನ ಡಿಸ್ಕ್ ರಿಪೇರಿ ಸಾಧನವಾದ ಚೆಕ್‌ಡಿಸ್ಕ್‌ಗೆ ಎರಡು ಬಗೆ ಇದೆ. ‘ಎಫ್’ ಆಯ್ಕೆ ಕಡತಗಳ ವಿಳಾಸಪಟ್ಟಿಯನ್ನಷ್ಟೇ ಸರಿಪಡಿಸುತ್ತದೆ. ‘ಆರ್’ ಆಯ್ಕೆ ಡಿಸ್ಕಿನ ಪ್ರತಿ ಇಂಚನ್ನೂ ಓದಿ ನೋಡುತ್ತದೆ, ಕೆಟ್ಟ ಜಾಗದಲ್ಲಿ ಮತ್ತೆ ಮತ್ತೆ ಪ್ರಯತ್ನಿಸುತ್ತದೆ. 1 ಟಿಬಿ ಡಿಸ್ಕ್‌ನಲ್ಲಿ ಇದಕ್ಕೆ ಹಲವು ಗಂಟೆ ಹಿಡಿಯುತ್ತದೆ. ಕುಂಟುತ್ತಿರುವ ಡಿಸ್ಕಿಗೆ ಅದು ಮ್ಯಾರಥಾನ್ ಓಡಿಸಿದ ಹಾಗೆ. ಡಿಡಿರೆಸ್ಕ್ಯೂ ಎಂಬ ಲಿನಕ್ಸ್ ಸಾಧನದ ಬುದ್ಧಿ ಬೇರೆ. ಸುಲಭವಾಗಿ ಓದಲಾಗುವ ಭಾಗವನ್ನು ಮೊದಲು ಬೇರೆ ಡಿಸ್ಕ್‌ಗೆ ಬಾಚಿಕೊಂಡು, ಹಟಮಾರಿ ಜಾಗಗಳನ್ನು ಕೊನೆಗೆ ಮುಟ್ಟುತ್ತದೆ, ಎಲ್ಲಿಗೆ ನಿಂತಿತ್ತೆಂದು ಕಡತದಲ್ಲಿ ಗುರುತಿಟ್ಟುಕೊಳ್ಳುತ್ತದೆ. ನಡುವೆ ನಿಲ್ಲಿಸಿ ಮರುದಿನ ಮುಂದುವರಿಸಬಹುದು. ನಕಲಿನ ಮೇಲೆ ಬೇಕಾದ ರಿಪೇರಿ ಮಾಡಿಕೊಳ್ಳಿ.

ಡಿಸ್ಕ್ ಟಕ್ ಟಕ್ ಎಂದು ಒಂದೇ ಲಯದಲ್ಲಿ ಬಡಿಯುತ್ತಿದ್ದರೆ ಕೂಡಲೇ ಪವರ್ ತೆಗೆಯಿರಿ. ಒಳಗಿನ ದತ್ತಾಂಶ ಅಮೂಲ್ಯವೆನಿಸಿದರೆ ಡೇಟಾ ರಿಕವರಿ ಮಾಡುವವರ ಕೈಗೆ ಕೊಡಿ. ಫ್ರೀಜರಿನಲ್ಲಿ ಇಟ್ಟರೆ ಬದುಕುತ್ತದೆ ಎಂಬ ಹಳೆಯ ನಂಬಿಕೆಯನ್ನು ಕೇಳಬೇಡಿ. ಹೊರಗೆ ತೆಗೆದಾಗ ತಟ್ಟೆಗಳ ಮೇಲೆ ಕೂರುವ ತೇವ ಉಳಿದದ್ದನ್ನೂ ಮುಗಿಸುತ್ತದೆ.

ವಿಂಡೋಸ್ ರಿಪೇರಿಯ ಆರು ದಾರಿ

ಡಿಸ್ಕ್ ಚೆನ್ನಾಗಿದೆ ಎಂದು ಖಚಿತವಾದ ಮೇಲೆ ಇದಕ್ಕೆ ಬನ್ನಿ. ವಿಂಡೋಸ್ 10 ಸತತ ಎರಡು ಮೂರು ಬಾರಿ ಶುರುವಾಗಲು ಸೋತರೆ ರಿಕವರಿ ಪರದೆ ತಾನೇ ಬರುತ್ತದೆ. ಬರದಿದ್ದರೆ ಚುಕ್ಕೆಗಳು ಸುತ್ತುವಾಗ ಪವರ್ ಗುಂಡಿ ಒತ್ತಿ ಹಿಡಿದು ಆರಿಸಿ, ಹೀಗೆ ಮೂರು ಸಲ. ಅದೂ ಆಗದಿದ್ದರೆ 8 ಜಿಬಿ ಪೆನ್‌ಡ್ರೈವ್‌ನಲ್ಲಿ ವಿಂಡೋಸ್ ಇನ್‌ಸ್ಟಾಲರ್ ಸಿದ್ಧಮಾಡಿ, ಅದರಿಂದ ಎಬ್ಬಿಸಿ, ‘ರಿಪೇರ್ ಯುವರ್ ಕಂಪ್ಯೂಟರ್’ ಒತ್ತಿ.

ಸ್ಟಾರ್ಟ್‌ಅಪ್ ರಿಪೇರಿ ಬೂಟ್ ಕಡತಗಳನ್ನು ಮಾತ್ರ ಸರಿಮಾಡುತ್ತದೆ. ‘ಬೂಟ್‌ಮ್ಯಾನೇಜರ್ ಕಾಣೆ’ ಎಂಬಂಥ ಸಂದೇಶಕ್ಕೆ ಇದೇ ಮದ್ದು, ನಿಮ್ಮ ಕಡತಗಳನ್ನು ಮುಟ್ಟುವುದಿಲ್ಲ. ಕೆಟ್ಟ ಡ್ರೈವರಿಗೆ ಇದರಿಂದ ಪ್ರಯೋಜನವಿಲ್ಲ, ಎರಡು ಸಲ ಸೋತರೆ ಮೂರನೆಯ ಸಲ ಓಡಿಸುವುದು ಸಮಯ ದಂಡ. ತೊಂದರೆ ಅಪ್‌ಡೇಟ್ ಆದ ಮರುದಿನವೇ ಶುರುವಾಗಿದ್ದರೆ ‘ಅನ್‌ಇನ್‌ಸ್ಟಾಲ್ ಅಪ್‌ಡೇಟ್ಸ್’ ಮೊದಲು. ಹೊಸ ಪ್ರಿಂಟರ್, ಹೊಸ ಡ್ರೈವರ್, ಹೊಸ ಪ್ರೋಗ್ರಾಂ ಬಂದ ಮೇಲಾದರೆ ಸಿಸ್ಟಮ್ ರಿಸ್ಟೋರ್ ಅತಿ ಸಲೀಸು. ಫೋಟೊ, ದಾಖಲೆ ಹಾಗೆಯೇ ಉಳಿದು ಡ್ರೈವರ್ ಮತ್ತು ರಿಜಿಸ್ಟ್ರಿ ಹಿಂದಕ್ಕೆ ಹೋಗುತ್ತವೆ. ಒಂದೇ ಕೊರತೆ, ವಿಂಡೋಸ್ 10ರಲ್ಲಿ ಅದು ಎಷ್ಟೋ ಸಲ ಆಫ್ ಆಗಿಯೇ ಇರುತ್ತದೆ, ಬೇಕೆಂದಾಗ ಹಿಂದಕ್ಕೆ ಹೋಗಲು ರಿಸ್ಟೋರ್ ಪಾಯಿಂಟೇ ಇರುವುದಿಲ್ಲ.

ಸೇಫ್ ಮೋಡ್ ರಿಪೇರಿಯಲ್ಲ, ಪರೀಕ್ಷೆ. ಅದರಲ್ಲಿ ಚೆನ್ನಾಗಿ ಓಡಿದರೆ ತಪ್ಪು ಡ್ರೈವರಿನದೋ ಶುರುವಿಗೇ ಏಳುವ ಪ್ರೋಗ್ರಾಮಿನದೋ ಆಗಿರುತ್ತದೆ. ‘ಸಿಸ್ಟಮ್ ಕಾನ್ಫಿಗರೇಶನ್’ನ ಸರ್ವಿಸಸ್ ಪುಟದಲ್ಲಿ ಮೈಕ್ರೊಸಾಫ್ಟಿನವನ್ನು ಮರೆಮಾಡಿ, ಉಳಿದವುಗಳಲ್ಲಿ ಅರ್ಧ ಆರಿಸಿ ಬಂದ್ ಮಾಡಿ ರೀಸ್ಟಾರ್ಟ್ ಮಾಡಿ. ಸರಿಹೋದರೆ ಕಳ್ಳ ಬಂದ್ ಆದವರ ಗುಂಪಿನಲ್ಲಿದ್ದಾನೆ, ಇಲ್ಲದಿದ್ದರೆ ಇನ್ನೊಂದರಲ್ಲಿ. ಆ ಗುಂಪನ್ನು ಮತ್ತೆ ಅರ್ಧ ಮಾಡಿ. ನಲವತ್ತು ಸರ್ವಿಸ್ ಇದ್ದರೂ ಆರು ಸುತ್ತಿನಲ್ಲಿ ಸಿಕ್ಕಿಬೀಳುತ್ತಾನೆ. ಇಂಥ ಪರೀಕ್ಷೆಯಲ್ಲಿ ಶಟ್‌ಡೌನ್ ಮಾಡಿ ಆನ್ ಮಾಡಬೇಡಿ, ರೀಸ್ಟಾರ್ಟ್ ಮಾಡಿ. ವಿಂಡೋಸ್ 8ರಿಂದ ಬಂದ ಫಾಸ್ಟ್ ಸ್ಟಾರ್ಟ್‌ಅಪ್ ಕಾರಣ ಶಟ್‌ಡೌನ್ ಆದಾಗ ವಿಂಡೋಸಿನ ತಿರುಳು ಪೂರ್ತಿ ಮುಚ್ಚದೆ ಡಿಸ್ಕ್‌ನಲ್ಲಿ ಹೋಗಿ ಮಲಗುತ್ತದೆ, ಹಳೆಯ ಗೊಂದಲವನ್ನು ಹೊತ್ತುಕೊಂಡೇ ಏಳುತ್ತದೆ.

ಇನ್ನು ಉಳಿದದ್ದು ‘ರೀಸೆಟ್, ಕಡತ ಉಳಿಸಿ’ ಮತ್ತು ಪೂರ್ತಿ ಹೊಸದಾಗಿ ಹಾಕುವುದು. ರೀಸೆಟ್ ಹೆಸರಿಗೆ ಸೌಮ್ಯ. ಪ್ರೋಗ್ರಾಂಗಳೆಲ್ಲ ಹೋಗುತ್ತವೆ, ಹೋದವುಗಳ ಪಟ್ಟಿಯೊಂದನ್ನು ಡೆಸ್ಕ್‌ಟಾಪ್ ಮೇಲೆ ಇಟ್ಟು ಹೋಗುತ್ತದೆ. ನಿಧಾನದ ಹಾರ್ಡ್‌ಡಿಸ್ಕ್‌ನಲ್ಲಿ ಅದು ಗಂಟೆಗಟ್ಟಲೆ ನಡೆಯುತ್ತದೆ, ನಡುವೆ ಕರೆಂಟ್ ಹೋದರೆ ಅತ್ತ ಹಳೆಯದೂ ಇಲ್ಲ, ಇತ್ತ ಹೊಸದೂ ಇಲ್ಲ. ಹಳೆಯ ಯಂತ್ರಕ್ಕೆ ನಾನು ರೀಸೆಟ್ ಹೇಳುವುದಿಲ್ಲ. ಹೊಸ ಎಸ್‌ಎಸ್‌ಡಿ ಹಾಕಿ ಅದರ ಮೇಲೆ ವಿಂಡೋಸ್ ಹೊಸದಾಗಿ ಕೂರಿಸಿ, ಹಳೆಯ ಡಿಸ್ಕನ್ನು ಮುಟ್ಟದೆ ಪಕ್ಕದಲ್ಲಿಡಿ. ಏನಾದರೂ ಮರೆತಿದ್ದರೆ ಅದರಲ್ಲಿ ಇದ್ದೇ ಇರುತ್ತದೆ. ಇನ್‌ಸ್ಟಾಲ್ ಮಾಡುವಾಗ ಹಳೆಯ ಡಿಸ್ಕಿನ ಕೇಬಲ್ ಕಿತ್ತಿಡಿ. ಎರಡೂ ಜೋಡಿಸಿದ್ದರೆ ಇನ್‌ಸ್ಟಾಲರ್ ಬೂಟ್ ಭಾಗವನ್ನು ಹಳೆಯದರ ಮೇಲೆ ಬರೆದು, ಮುಂದೆ ಅದನ್ನು ತೆಗೆದ ದಿನ ಹೊಸದೂ ಏಳದ ಹಾಗೆ ಮಾಡುವುದುಂಟು.

ಅದೇ ಹೊತ್ತಿನಲ್ಲಿ ‘ಈ ಡಿಸ್ಕ್ ಜಿಪಿಟಿ ಮಾದರಿಯದು, ಇಲ್ಲಿ ಹಾಕಲಾಗದು’ ಎಂದು ಇನ್‌ಸ್ಟಾಲರ್ ತಗಾದೆ ತೆಗೆಯಬಹುದು. ಡಿಸ್ಕ್ ಅಳಿಸುವ ಅಗತ್ಯವಿಲ್ಲ. ಜಿಪಿಟಿ, ಎಂಬಿಆರ್ ಎಂಬುವು ಡಿಸ್ಕಿನ ವಿಭಾಗಗಳ ಪಟ್ಟಿ ಬರೆಯುವ ಹೊಸ, ಹಳೆಯ ಪದ್ಧತಿಗಳು. ಯುಇಎಫ್ಐ, ಲೆಗಸಿ ಎಂಬುವು ಬಯೋಸಿನ ಹೊಸ, ಹಳೆಯ ರೀತಿಗಳು. ಪೆನ್‌ಡ್ರೈವ್ ಲೆಗಸಿ ಮೋಡ್‌ನಲ್ಲಿ ಎದ್ದಿದೆ ಅಷ್ಟೇ. ಬೂಟ್ ಮೆನುವಿನಲ್ಲಿ ಅದೇ ಪೆನ್‌ಡ್ರೈವ್ ಎರಡು ಸಲ ಕಾಣುತ್ತದೆ, ಹೆಸರಿನ ಮುಂದೆ ಯುಇಎಫ್ಐ ಎಂದಿರುವುದನ್ನು ಆರಿಸಿ. ಬೋರ್ಡಿಗೆ ಯುಇಎಫ್ಐ ಇಲ್ಲದಿದ್ದರೆ ಡಿಸ್ಕ್ ಎಂಬಿಆರ್ ಆಗಿರಬೇಕು. ಎಂಬಿಆರ್‌ನ ಮಿತಿ 2 ಟಿಬಿ, ಮನೆಯ ಎಸ್‌ಎಸ್‌ಡಿಗೆ ಅದು ಅಡ್ಡಿಯೇ ಅಲ್ಲ. ಲೆಗಸಿಯಲ್ಲಿ ಸುಖವಾಗಿ ಓಡುತ್ತಿರುವುದನ್ನು ಯುಇಎಫ್ಐಗೆ ತರಲು ಹೋಗಿ ಕೊಂಕಣ ಸುತ್ತಿ ಮೈಲಾರಕ್ಕೆ ಬರಬೇಡಿ.

ಎಸ್‌ಎಸ್‌ಡಿಯೋ ರ‍್ಯಾಮೋ

ಶುರುವಾಗಲು ಐದಾರು ನಿಮಿಷ ತೆಗೆದುಕೊಳ್ಳುವ ಯಂತ್ರದಲ್ಲಿ ಟಾಸ್ಕ್ ಮ್ಯಾನೇಜರ್ ತೆರೆದು ನೋಡಿ. ಡಿಸ್ಕ್ 100 ಶೇಕಡಾದಲ್ಲಿ ಅಂಟಿಕೊಂಡಿದ್ದು ಮೆಮೊರಿ ಅರ್ಧದಲ್ಲಿದ್ದರೆ ಎಸ್‌ಎಸ್‌ಡಿ. 2 ಜಿಬಿ ರ‍್ಯಾಮ್ ಮಾತ್ರ ಇದ್ದರೆ ರ‍್ಯಾಮ್ ಮೊದಲು, ಏಕೆಂದರೆ ಡಿಸ್ಕ್ ಒದ್ದಾಡುತ್ತಿರುವುದೇ ರ‍್ಯಾಮ್ ಸಾಲದೆ. 4 ಜಿಬಿ ಇದ್ದರೆ ಎಸ್‌ಎಸ್‌ಡಿ ಮೊದಲು, ರ‍್ಯಾಮ್ ಆಮೇಲೆ. ಬೋರ್ಡ್ ಹಳೆಯ ಸಾಟಾ 2 ಆದರೂ ಚಿಂತೆಯಿಲ್ಲ. ಎಸ್‌ಎಸ್‌ಡಿಯ ಲಾಭ ಇರುವುದು ಗರಿಷ್ಠ ವೇಗದಲ್ಲಲ್ಲ, ಚೆಲ್ಲಾಪಿಲ್ಲಿಯಾದ ಸಣ್ಣ ಕಡತಗಳನ್ನು ತಡವಿಲ್ಲದೆ ಹೆಕ್ಕುವುದರಲ್ಲಿ.

ರ‍್ಯಾಮ್ ಕೊಳ್ಳುವಾಗ ಡಿಡಿಆರ್2, ಡಿಡಿಆರ್3 ಎರಡಕ್ಕೂ ಡೆಸ್ಕ್‌ಟಾಪಿನಲ್ಲಿ 240 ಪಿನ್ ಇದ್ದರೂ ಕಚ್ಚಿನ ಜಾಗ ಬೇರೆ, ಬಲವಂತ ಮಾಡಿದರೆ ಸ್ಲಾಟ್ ಮುರಿಯುತ್ತದೆ. 32 ಬಿಟ್ ವಿಂಡೋಸ್ 4 ಜಿಬಿಯ ಮೇಲಿನದನ್ನು ಬಳಸುವುದಿಲ್ಲ, ಅದರಲ್ಲೂ ಕೈಗೆ ಸಿಗುವುದು ಸುಮಾರು 3ರಿಂದ 3.5 ಜಿಬಿ. ಹೊಸ ಕಡ್ಡಿ ಹಾಕಿದ ಮೇಲೆ ಒಂದು ರಾತ್ರಿ ಮೆಮ್‌ಟೆಸ್ಟ್ ಎಂಬ ಮೆಮೊರಿ ಪರೀಕ್ಷೆ ಓಡಿಸಿ. ಒಂದೇ ಒಂದು ತಪ್ಪು ಬಂದರೂ ಆ ಕಡ್ಡಿ ವಾಪಸ್.

ಹತ್ತು ನಿಮಿಷ ಓಡಿ ಥಟ್ಟನೆ ಆರಿಹೋಗುವ ಯಂತ್ರಕ್ಕೆ ಇವೆರಡೂ ಬೇಡ. ಪ್ರೊಸೆಸರಿನ ಕೂಲರ್ ಅಲ್ಲಾಡಿಸಿ ನೋಡಿ. ಇಂಟೆಲ್‌ನ ಹಳೆಯ ಕೂಲರ್‌ಗಳಲ್ಲಿ ನಾಲ್ಕು ಪ್ಲಾಸ್ಟಿಕ್ ಕಾಲುಗಳಿವೆ, ಒಂದು ಎದ್ದಿದ್ದರೂ ಶಾಖ ಮೇಲೆ ಬರುವುದಿಲ್ಲ. ಧೂಳು ತೆಗೆದು, ಪ್ರೊಸೆಸರ್ ಮೇಲೆ ಒಣಗಿದ, ಶಾಖ ಸಾಗಿಸುವ ಪೇಸ್ಟ್ ಒರೆಸಿ, ಬಟಾಣಿಗಿಂತ ಚಿಕ್ಕ ಗಾತ್ರದ ಹೊಸ ಪೇಸ್ಟ್ ಇಟ್ಟು, ಕಾಲುಗಳನ್ನು ಮೂಲೆಯಿಂದ ಎದುರು ಮೂಲೆಗೆ ಒತ್ತಿ.

ಮತ್ತೆ ಯಾವುದನ್ನು ಹಾಕುವುದು

ವಿಂಡೋಸ್ 7ರ ಬೆಂಬಲ 2020ರ ಜನವರಿ 14ಕ್ಕೆ ಮುಗಿದಿದೆ. ಇಂಟರ್ನೆಟ್ ಬೇಡದ, ಒಂದೇ ಕೆಲಸದ ಯಂತ್ರಕ್ಕೆ ಮಾತ್ರ ಅದು ಸರಿ. ವಿಂಡೋಸ್ 10ರದು 2025ರ ಅಕ್ಟೋಬರ್ 14ಕ್ಕೆ ಮುಗಿಯಿತು, ಮನೆ ಬಳಕೆದಾರರು ನೋಂದಾಯಿಸಿಕೊಂಡರೆ ಭದ್ರತಾ ಅಪ್‌ಡೇಟ್‌ಗಳು ಇನ್ನೊಂದು ವರ್ಷ ಬರುವ ವ್ಯವಸ್ಥೆ ಇದೆ. ವಿಂಡೋಸ್ 11 ಕೇಳುವುದು ಟಿಪಿಎಂ 2.0 (ಭದ್ರತಾ ಚಿಪ್), ಯುಇಎಫ್ಐ, 4 ಜಿಬಿ ರ‍್ಯಾಮ್, 64 ಜಿಬಿ ಜಾಗ, ಮತ್ತು ಇಂಟೆಲ್ ಆದರೆ ಸಾಮಾನ್ಯವಾಗಿ 8ನೇ ಪೀಳಿಗೆಯ ಪ್ರೊಸೆಸರ್. ಅಡ್ಡದಾರಿಯಲ್ಲಿ ಹಾಕಬಹುದಾದರೂ ಮುಂದಿನ ಅಪ್‌ಡೇಟ್‌ಗೆ ಭರವಸೆಯಿಲ್ಲ. 2012ರ ಸುಮಾರಿನ ಯಂತ್ರಕ್ಕೆ ಬ್ರೌಸರ್, ವಿಡಿಯೊ, ಪತ್ರ ಬರೆಯುವುದು ಇಷ್ಟೇ ಸಾಕಾದರೆ ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ ಹಾಕಿ. 2 ಜಿಬಿ ರ‍್ಯಾಮ್‌ನಲ್ಲಿ ನಡೆಯುತ್ತದೆ, 4 ಇದ್ದರೆ ಹಾಯಾಗಿ. 64 ಬಿಟ್ ಪ್ರೊಸೆಸರ್ ಕಡ್ಡಾಯ.

ಹಾಕುವ ಮುಂಚೆ ಪೆನ್‌ಡ್ರೈವ್‌ನಿಂದಲೇ ಅರ್ಧ ಗಂಟೆ ಓಡಿಸಿ ವೈಫೈ, ಸದ್ದು, ಪ್ರಿಂಟರ್, ಲ್ಯಾಪ್‌ಟಾಪ್ ಮುಚ್ಚಿ ತೆರೆದಾಗ ಎಚ್ಚರವಾಗುವುದು ಇವನ್ನು ಪರೀಕ್ಷಿಸಿ. ಇದಷ್ಟೂ ನಡೆಯುವಾಗ ಡಿಸ್ಕ್ ಮೇಲೆ ಏನೂ ಬರೆದಿರುವುದಿಲ್ಲ. ಒಪ್ಪಿಗೆಯಾಗದಿದ್ದರೆ ಆಫ್ ಮಾಡಿ ಪೆನ್‌ಡ್ರೈವ್ ಕಿತ್ತುಬಿಡಿ, ಮುಂಚಿನ ವಿಂಡೋಸ್ ಇದ್ದ ಹಾಗೆಯೇ ಇರುತ್ತದೆ.